ಐದು ಅಂಕದ ಪ್ರಶ್ನೆಯೂ ಚಿಕ್ಕಣ್ಣನ ಟವಲೂ

ಹೋದ ತಿಂಗಳು ಸುಮಾ ಎಂಬ ಹುಡುಗಿ ಫೋನು ಮಾಡಿದ್ದಳು. ನಾನು ನಿವೃತ್ತಳಾದ ಜಾಗಕ್ಕೆ ಹೊಸದಾಗಿ ಬಂದಿರುವ ಅರ್ಥಶಾಸ್ತ್ರದ ಅಧ್ಯಾಪಕಿ ಅವಳು. "ಮೇಡಂ, ಆರ್ಥಿಕ ಚಿಂತನೆಯ ಇತಿಹಾಸದಲ್ಲಿ ಆಸ್ಟ್ರಿಯನ್ ಪಂಥ ಅಂತ ಒಂದು ಅಧ್ಯಾಯ ಇದೆಯಲ್ಲ, ಅದನ್ನ ನೀವು ಹೇಗೆ ಪಾಠ ಮಾಡ್ತಿದ್ರಿ? ನೋಟ್ಸ್ ಇದ್ರೆ ವಾಟ್ಸಾಪ್ ಮಾಡಿ. ನಿಮ್ಮ ಕ್ಲಾಸಲ್ಲಿ ಏನೋ ಟವಲ್ ಇರ್ತಿತ್ತು ಅಂತಾರೆ ಸೀನಿಯರ್‌ಗಳು. ಅದೊಂದು ಗೊತ್ತಾಗ್ಲಿಲ್ಲ" ಅಂದಳು.

ನೋಟ್ಸ್ ಇದ್ದವು. ನಿವೃತ್ತಿಯಾದ ವಾರವೇ ಹಳೇ ಪೇಪರಿನವನಿಗೆ ಹಾಕಿಬಿಟ್ಟೆ. ಟವಲು ಮಾತ್ರ ಬೀರುವಿನಲ್ಲಿ ರೇಷ್ಮೆ ಸೀರೆಯ ಪಕ್ಕದಲ್ಲಿದೆ. ಅದನ್ನು ವಾಟ್ಸಾಪ್ ಮಾಡಲು ಬರುವುದಿಲ್ಲ. ಆದ್ದರಿಂದ ಸುಮಾಗೂ, ಅವಳಂತೆ ಈ ಕೆಲಸಕ್ಕೆ ಹೊಸದಾಗಿ ಕಾಲಿಟ್ಟಿರುವವರಿಗೂ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಸಭೆಯಲ್ಲಿ ಹಾರ ಹಾಕಿದರು ಎಂಬುದೆಲ್ಲ ಇದರಲ್ಲಿಲ್ಲ. ಅದರಿಂದ ಯಾರಿಗೂ ಪಾಠ ಮಾಡಲು ಬರುವುದಿಲ್ಲ.

ನನ್ನ ನೌಕರಿ ಪೂರ್ತಿ ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಈ ನಾಲ್ಕು ತಾಲ್ಲೂಕಿನೊಳಗೇ ಸುತ್ತಿತು. ಮನೆ ಮಧುಗಿರಿಯಲ್ಲಿ. ನಮ್ಮವರದು ಬಟ್ಟೆ ಅಂಗಡಿ. ಬೆಳಿಗ್ಗೆ ಯಾವ ದಿಕ್ಕಿನ ಬಸ್ಸು ಹಿಡಿಯುತ್ತೇನೆ ಎನ್ನುವುದಷ್ಟೇ ವರ್ಗಾವಣೆಯಲ್ಲಿ ಬದಲಾಗುತ್ತಿತ್ತು. ನನಗೆ ಇನ್ನೊಂದು ಗುಣವೂ ಇದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಪಕ್ಕದ ಸೀಟಿನವರು ಚೀಲದಲ್ಲಿ ಏನು ಇಟ್ಟುಕೊಂಡಿದ್ದಾರೆ, ಎಷ್ಟಕ್ಕೆ ತಂದರು, ಯಾಕೆ ತಂದರು ಎಂದು ಕೇಳದೆ ಇಳಿದವಳಲ್ಲ. ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳದೆ ಉಂಡವಳೂ ಅಲ್ಲ. ನಮ್ಮ ಅತ್ತೆ, "ನಿನ್ನ ಬಾಯಿಗೆ ಬೀಗ ಮಾಡೋನು ಇನ್ನೂ ಹುಟ್ಟಿಲ್ಲ" ಅನ್ನುತ್ತಿದ್ದರು.

ಕೊರಟಗೆರೆಯಲ್ಲಿ ಕೆಲಸಕ್ಕೆ ಸೇರಿದ ವಾರ ನಮ್ಮ ವಿಭಾಗದ ಮುಖ್ಯಸ್ಥರು ಪಠ್ಯಕ್ರಮ ಕೈಗೆ ಕೊಟ್ಟು ಒಂದು ಮಾತು ಹೇಳಿದ್ದರು. "ನೋಡಮ್ಮ, ಆಸ್ಟ್ರಿಯನ್ ಪಂಥದ ಮೇಲೆ ಬರೋದು ಐದು ಅಂಕದ ಒಂದು ಪ್ರಶ್ನೆ. ಐದು ಅಂಕಕ್ಕೆ ಎಷ್ಟು ಬೇಕೋ ಅಷ್ಟೇ ತಿಳ್ಕೊ." ನಾನು ಹಾಗೆಯೇ ತಿಳಿದುಕೊಂಡೆ. ವಿಯೆನ್ನಾ ಎಂಬ ಊರಿನಲ್ಲಿ ಹುಟ್ಟಿದ ವಿಚಾರ ಇದು, ವಸ್ತುವಿನ ಮೌಲ್ಯ ವಸ್ತುವಿನಲ್ಲಿಲ್ಲ, ಅದನ್ನು ಬಯಸುವವನ ಮನಸ್ಸಿನಲ್ಲಿದೆ, ಪ್ರತಿಯೊಬ್ಬನ ಆಯ್ಕೆ ಅವನದೇ, ಎಲ್ಲರ ಬಯಕೆಯನ್ನೂ ಒಂದು ಮೇಜಿನ ಮುಂದೆ ಕುಳಿತು ತಿಳಿಯಲು ಯಾರಿಂದಲೂ ಆಗದು, ಆದ್ದರಿಂದ ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಡಬೇಕು. ಇಷ್ಟನ್ನು ವರ್ಷಕ್ಕೊಮ್ಮೆ ಬರೆಸುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು. ಅವರಿಗೂ ಅರ್ಥವಾಗಿರಲಿಲ್ಲ, ನನಗೂ ಆಗಿರಲಿಲ್ಲ, ಐದು ಅಂಕ ಮಾತ್ರ ಬರುತ್ತಿತ್ತು.

ಒಂದು ಸಲ ಬರೆಸಿ ಬರೆಸಿ ನನಗೇ ಬೇಸರವಾಗಿ, ಪ್ರಯೋಗ ಮಾಡೋಣ ಎಂದುಕೊಂಡೆ. ತಿನ್ನುತ್ತಾ ಹೋದಂತೆ ಒಂದೊಂದು ಹಣ್ಣಿನಿಂದ ಸಿಗುವ ತೃಪ್ತಿ ಇಳಿಯುತ್ತಾ ಹೋಗುತ್ತದೆ ಎಂಬ ಪಾಠ. ಏಳು ಬಾಳೆಹಣ್ಣು ತಂದು ಮೇಜಿನ ಮೇಲಿಟ್ಟೆ. ಮುಂದಿನ ಬೆಂಚಿನಲ್ಲಿದ್ದ ಚನ್ನರಾಯನದುರ್ಗದ ಕಡೆಯ ಹುಡುಗನನ್ನು ಎಬ್ಬಿಸಿ ತಿನ್ನಲು ಹೇಳಿದೆ. ಒಂದೊಂದು ಹಣ್ಣಿಗೂ ಹತ್ತಕ್ಕೆ ಎಷ್ಟು ಕೊಡುತ್ತೀಯ ಎಂದು ಕೇಳಿ ಬೋರ್ಡಿನ ಮೇಲೆ ರೇಖೆ ಬರೆಯತೊಡಗಿದೆ. ಮೊದಲನೆಯದಕ್ಕೆ ಹತ್ತು ಅಂದ. ಎರಡನೆಯದಕ್ಕೂ ಹತ್ತು. ಐದನೆಯದಕ್ಕೂ ಹತ್ತು. ನನ್ನ ರೇಖೆ ಇಳಿಯಲೊಲ್ಲದು, ಕ್ಲಾಸು ನಗುತ್ತಿದೆ. "ಸರಿಯಾಗಿ ಯೋಚನೆ ಮಾಡಿ ಹೇಳೋ" ಎಂದು ಗದರಿದೆ. ಅವನು ಏಳನೆಯದನ್ನೂ ಸಿಪ್ಪೆ ಸುಲಿದು ತಿಂದು, "ಇದೂ ಅಂಗೇ ಐತೆ ಮೇಡಂ" ಅಂದ.

ಗಂಟೆ ಹೊಡೆದ ಮೇಲೆ ಅವನ ಪಕ್ಕದವನು ಬಂದು ಹೇಳಿದ: "ಅವ್ನು ಫಸ್ಟ್ ಬಸ್ಸಿಗೆ ಬತ್ತಾನೆ ಮೇಡಂ. ನಿನ್ನೆ ರಾತ್ರಿಯಿಂದ ಏನೂ ತಿಂದಿರ್ಲಿಲ್ಲ." ನನಗೆ ನಾಚಿಕೆಯಾಯಿತು. ಹಣ್ಣು ಎಣಿಸುವ ಮುಂಚೆ ಹೊಟ್ಟೆ ಯಾರದು ಎಂದು ಕೇಳಬೇಕಿತ್ತು. ಮರುದಿನ ಅವನಿಗೆ ಮುಖ ಕೊಡಲಾರದೆ ಬೋರ್ಡಿನ ಕಡೆ ತಿರುಗಿಯೇ ಪಾಠ ಮಾಡಿದೆ.

ಪಾವಗಡಕ್ಕೆ ಹಾಕಿದಾಗ ಅಲ್ಲಿ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಡುವ ಮಾತು ಊರೂರಿನಲ್ಲೂ ನಡೆದಿತ್ತು. ಎಕರೆಗೆ ಎಲ್ಲರಿಗೂ ಒಂದೇ ದರ. ಕ್ಲಾಸಿನಲ್ಲಿ ಅರ್ಧ ಜನ ಕೊಟ್ಟವರ ಮಕ್ಕಳು, ಕೆಲವರು ಕೊಡದವರ ಮಕ್ಕಳು. ದರ ಒಂದೇ, ನೆಲವೂ ಒಂದೇ ಥರದ್ದು, ಹಾಗಿದ್ದ ಮೇಲೆ ಒಬ್ಬರು ಹೂಂ ಅಂದು ಇನ್ನೊಬ್ಬರು ಊಹೂಂ ಅನ್ನುವುದು ಹೇಗೆ ಎಂದು ನನಗೆ ಕುತೂಹಲ. ಒಂದು ಭಾನುವಾರ ಬಳಸಮುದ್ರದ ಕಡೆಯ ಒಬ್ಬ ಹುಡುಗಿಯ ಜೊತೆ ಅವರ ಊರಿಗೇ ಹೋದೆ. ಅವಳ ಅಜ್ಜಿ ಕೊಟ್ಟಿರಲಿಲ್ಲ. ಯಾಕಜ್ಜಿ ಎಂದು ಕೇಳಿದರೆ ತೆಲುಗಿನಲ್ಲಿ, "ಇಚ್ಚೇಸ್ತೆ ಪೊದ್ದುನ್ನೇ ಲೇಚಿ ಎಕ್ಕಡಿಕಿ ಪೋವಾಲಮ್ಮಾ?" ಅಂದಳು. ಕೊಟ್ಟುಬಿಟ್ಟರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಮ್ಮ ಎಂದು. ಪಕ್ಕದ ಹೊಲದಾಕೆ ಇವಳ ವಾರಿಗೆಯವಳೇ, ಅವಳು ಕೊಟ್ಟಿದ್ದಳು. ಅವಳನ್ನೂ ಬಿಡದೆ ಕೇಳಿದೆ. "ಇನ್ಮೇಲೆ ಬೆಳಗಾಗೆದ್ದು ಆ ಹೊಲಕ್ಕೆ ಹೋಗಾದು ತಪ್ತಲ್ಲ ಕಣಮ್ಮ, ಅದಕ್ಕೇ" ಅಂದಳು.

ಇಬ್ಬರದೂ ಒಂದೇ ಬೆಳಗು. ಅದಕ್ಕೆ ಒಬ್ಬಳು ಕೊಟ್ಟ ಬೆಲೆಯೇ ಬೇರೆ, ಇನ್ನೊಬ್ಬಳು ಕೊಟ್ಟ ಬೆಲೆಯೇ ಬೇರೆ. ಬಸ್ಸಿನಲ್ಲಿ ವಾಪಸು ಬರುವಾಗ, ಮೌಲ್ಯ ಮನಸ್ಸಿನಲ್ಲಿದೆ ಎಂದು ನಾನು ವರ್ಷಗಟ್ಟಲೆ ಬರೆಸುತ್ತಿದ್ದ ಸಾಲು ಮೊದಲ ಬಾರಿಗೆ ಜೀವ ಬಂದು ಒಂದಿಷ್ಟು ಅಲುಗಿತು. ಆದರೂ ನನಗೆ ಪೂರ್ತಿ ತಿಳಿಯಿತು ಎಂದುಕೊಂಡದ್ದೇ ತಪ್ಪಾಯಿತು. ಅರೆಬರೆ ತಿಳಿದ ಮೇಷ್ಟ್ರುಗಳಿಂದ ಆಗುವಷ್ಟು ಅನಾಹುತ ಏನೂ ತಿಳಿಯದವರಿಂದ ಆಗುವುದಿಲ್ಲ. ಇನ್ನು ಮುಂದೆ ಬರೆಯುವುದು ಆ ಅನಾಹುತವನ್ನೇ.

ನಿವೃತ್ತಿಗೆ ಕೆಲವೇ ವರ್ಷ ಉಳಿದಿರುವಾಗ ಶಿರಾಕ್ಕೆ ಬಂದೆ. ಅಷ್ಟರಲ್ಲಿ ಬರೆಸುವ ಕಾಲ ಮುಗಿದಿತ್ತು. ಕ್ಷೇತ್ರಾಧ್ಯಯನ, ಪ್ರಾಜೆಕ್ಟು, ಗೋಡೆಯ ಮೇಲೆ ಚಾರ್ಟು ಇವುಗಳ ಕಾಲ. ನಮ್ಮ ಪ್ರಾಂಶುಪಾಲರು ಕೆಟ್ಟವರಲ್ಲ, ಆದರೆ ಗೋಡೆ ಖಾಲಿ ಕಂಡರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. "ಮೇಡಂ, ಲೋಕಲ್ ಟಾಪಿಕ್ ತಗೊಳ್ಳಿ, ನಮ್ಮ ಕಾಲೇಜಿನ ಹೆಸರು ಬರಬೇಕು" ಅಂದರು. ಶಿರಾ ಕಡೆಯೆಂದ ಮೇಲೆ ಕುರಿ. ಕುರಿ ಸಂತೆಯಲ್ಲಿ ಬೆಲೆ ಹೇಗೆ ಹುಟ್ಟುತ್ತದೆ ಎಂಬ ವಿಷಯವನ್ನೇ ಆರಿಸಿಕೊಂಡೆ. ಈರುಳ್ಳಿ ಬೆಳ್ಳುಳ್ಳಿಗೇ ಮೂಗು ಮುರಿಯುವ ಮನೆಯವಳು ಕುರಿ ಸಂತೆಗೆ ಹೊರಟದ್ದು ಅತ್ತೆಗೆ ಗೊತ್ತಾಗದಂತೆ ನಮ್ಮವರೇ ನೋಡಿಕೊಂಡರು.

ಕುರಿ ಸಂತೆಯಲ್ಲಿ ನಾನು ಎಂದೂ ಕಾಣದ ಒಂದು ವ್ಯವಹಾರ ಕಂಡೆ. ತರಕಾರಿ ಸಂತೆಯ ಹಾಗೆ ಅಲ್ಲಿ ಯಾರೂ ಬೆಲೆ ಕೂಗುವುದಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವಲನ್ನು ತನ್ನ ಬಲಗೈ ಮೇಲೆ ಇಳಿಬಿಡುತ್ತಾನೆ. ಕೊಳ್ಳುವವನು ಅದರೊಳಗೆ ಕೈ ಹಾಕುತ್ತಾನೆ. ಬೆರಳು ಹಿಡಿದೇ ಬೆಲೆ ಹೇಳುವುದು. ಹಿಡಿದ ಬೆರಳು ಎಷ್ಟೋ ಬೆಲೆ ಅಷ್ಟು ಸಾವಿರ, ಬೆರಳಿನ ನಡುಗೆಣ್ಣು ಒತ್ತಿದರೆ ಅರ್ಧ ಸಾವಿರ. ದಲ್ಲಾಳಿ ಆ ಕೈಯನ್ನು ಬಿಟ್ಟು ಮಾರುವವನ ಹತ್ತಿರ ಹೋಗಿ ಅದೇ ಟವಲಿನ ಕೆಳಗೆ ಅವನ ಬೆರಳು ಹಿಡಿಯುತ್ತಾನೆ. ಮುಖದಲ್ಲಿ ಏನೂ ಕಾಣಿಸಬಾರದು. ಮಾತು ಮಳೆ ಬೆಳೆಯದ್ದು, ವ್ಯಾಪಾರ ಬೆರಳಿನದು. ಕುದುರಿದರೆ ಟವಲು ಕೊಡವಿ ಹೆಗಲಿಗೆ ಹಾಕುತ್ತಾನೆ. ಸುತ್ತ ಐವತ್ತು ಜನ ನಿಂತಿದ್ದರೂ ಎಷ್ಟಕ್ಕಾಯಿತು ಎಂಬುದು ಮೂವರಿಗೆ ಮಾತ್ರ ಗೊತ್ತು.

ನನಗೆ ತಡೆಯಲಾಗಲಿಲ್ಲ. ಟವಲು ಕೊಡವಿದವರನ್ನೆಲ್ಲ ಹಿಡಿದು, ಎಷ್ಟಕ್ಕಾಯ್ತು, ಎಷ್ಟಕ್ಕಾಯ್ತು ಎಂದು ಕೇಳಿದೆ. ಮಾಂಸದಂಗಡಿಯ ಬಾಷಾ ಸಾಬರು ನಕ್ಕು, "ಸೌದಾ ಆಯ್ತು ಮೇಡಂ. ಅಷ್ಟೇ ಬರ್ಕೊಳ್ಳಿ" ಅಂದರು. ಮೂರು ವಾರ ಹೋದರೂ ನನ್ನ ಹುಡುಗರ ಪಟ್ಟಿಯಲ್ಲಿ ಕುರಿಯ ವಯಸ್ಸಿತ್ತು, ಬಣ್ಣವಿತ್ತು, ಊರಿತ್ತು, ಬೆಲೆಯ ಕಾಲಂ ಖಾಲಿ ಇತ್ತು.

ನನ್ನ ವಿದ್ಯಾರ್ಥಿನಿ ಭಾಗ್ಯ ಆ ಸಂತೆಯ ದಲ್ಲಾಳಿ ಚಿಕ್ಕಣ್ಣನ ಮಗಳು. ಅಂತಿಮ ವರ್ಷದ ಬಿ.ಎ. ಮಾತು ಕಡಿಮೆ, ಕಣ್ಣು ಚುರುಕು. ಖಾಲಿ ಕಾಲಂ ನೋಡಿ ನಾನು ಕೂಗಾಡುತ್ತಿದ್ದಾಗ ಅವಳು ಮೆಲ್ಲಗೆ, "ನಂಗೊತ್ತಾಯ್ತದೆ ಮೇಡಂ" ಅಂದಳು.

"ಏನು ಗೊತ್ತಾಗುತ್ತೆ?"

"ಅಪ್ಪ ಹಿಡಿಯೋ ಬೆಲೆ. ಚಿಕ್ಕೋಳಿದ್ದಾಗ್ಲಿಂದ ಮನೇಲಿ ನನ್ನ ಬೆರಳು ಹಿಡ್ದೇ ಆಟ ಆಡ್ಸೋದು. ಟವಲ್ ಮೇಲಿದ್ರೂ ಮೊಣಕೈ ನೋಡಿದ್ರೆ ಸಾಕು, ಎಷ್ಟು ಬೆರಳು ಅಂತ ಗೊತ್ತಾಯ್ತದೆ."

ನನಗೆ ಸ್ವರ್ಗ ಸಿಕ್ಕಷ್ಟು ಸಂತೋಷವಾಯಿತು. ಹಾಗಿದ್ದರೆ ಬರೆದುಕೊಂಡು ಬಾ ಅಂದೆ. ಅವಳು ಹಿಂದೆ ಮುಂದೆ ನೋಡಿದಳು. "ಅಪ್ಪಂಗೆ ಗೊತ್ತಾದ್ರೆ..." ಅಂದಳು. "ಇದು ವಿದ್ಯೆ ಕಣಮ್ಮ, ಕಳ್ಳತನ ಅಲ್ಲ" ಅಂದುಬಿಟ್ಟೆ. ನನ್ನ ಇಡೀ ನೌಕರಿಯಲ್ಲಿ ಆಡಬಾರದಿದ್ದ ಮಾತು ಯಾವುದು ಎಂದರೆ ಇದೇ.

ಭಾಗ್ಯ ಅಪ್ಪನ ಪಕ್ಕದಲ್ಲಿ ನಿಂತು ಕೆಲವು ವಾರ ಬರೆದಳು. ಮಾರಿದವರ ಹೆಸರು, ಊರು, ಬೆಲೆ. ಪಟ್ಟಿ ಬಹಳ ಚೆನ್ನಾಗಿತ್ತು. ಪ್ರಾಂಶುಪಾಲರು ಅದನ್ನು ದೊಡ್ಡ ಚಾರ್ಟಿನಲ್ಲಿ ಬಣ್ಣದಲ್ಲಿ ಬರೆಸಿ, ಕಾಲೇಜಿನ ಬಾಗಿಲ ಎದುರಿಗೇ ಅಂಟಿಸಿ, ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರು. ನಾನೂ ನಾಲ್ಕು ಜನಕ್ಕೆ ಕಳಿಸಿದೆ. ಫೋಟೋ ಸಂತೆ ತಲುಪಲು ಒಂದು ವಾರವೂ ಬೇಕಾಗಲಿಲ್ಲ.

ಆ ಪಟ್ಟಿಯಲ್ಲಿ ತಿಮ್ಮಕ್ಕ ಎಂಬ ಹೆಂಗಸಿನ ಹೆಸರಿತ್ತು. ಗಂಡನಿಗೆ ಆಪರೇಷನ್ ಎಂದು ಅವಸರಕ್ಕೆ ಎರಡು ಕುರಿ ಮಾರಿದ್ದಳು. ಅವಸರದ ಬೆಲೆ ಯಾವತ್ತೂ ಕಡಿಮೆಯೇ. ಮುಂದಿನ ವಾರ ಇನ್ನೆರಡು ಕುರಿ ಹಿಡಿದುಕೊಂಡು ಬಂದಳು. ಈಗ ಅವಳಿಗೆ ಅವಸರವಿರಲಿಲ್ಲ, ಕುರಿಗಳೂ ಮೊದಲಿನವಕ್ಕಿಂತ ಚೆನ್ನಾಗಿದ್ದವು. ಆದರೆ ಕೊಳ್ಳುವವರೆಲ್ಲ ಹಳೇ ಬೆಲೆಯಿಂದಲೇ ಶುರು ಮಾಡಿದರು. "ಹೋದ ವಾರ ಅಷ್ಟಕ್ಕೇ ಕೊಟ್ಟಿದ್ದೀಯಲ್ಲಮ್ಮ, ಕಾಲೇಜಲ್ಲೇ ಬರ್ದವ್ರೆ" ಎಂದು ಒಬ್ಬ ಫೋನು ತೆಗೆದು ತೋರಿಸಿದನಂತೆ. ಅವಳು ಕುರಿ ಹೊಡೆದುಕೊಂಡು ವಾಪಸು ಹೋದಳು.

ಚಿಕ್ಕಣ್ಣನಿಗೆ ಆದದ್ದು ಇದಕ್ಕಿಂತ ದೊಡ್ಡ ಪೆಟ್ಟು. ಸಂತೆಯಲ್ಲಿ ಯಾರೂ ಅವನ ಟವಲಿನೊಳಗೆ ಕೈ ಇಡಲಿಲ್ಲ. ಕಿತ್ತಾಟ, ಬೈದಾಟ ಏನೂ ನಡೆಯಲಿಲ್ಲ. ಅವನನ್ನು ಕಂಡು ಪಕ್ಕದ ದಲ್ಲಾಳಿಯ ಕಡೆ ಹೋಗುತ್ತಿದ್ದರು, ಅಷ್ಟೇ. "ಚಿಕ್ಕಣ್ಣನ ಟವಲಿಗೆ ತೂತು ಬಿದ್ದೈತೆ" ಎಂಬ ಮಾತು ಸಂತೆಯೆಲ್ಲ ಹಬ್ಬಿತು. ಅವನ ಅಪ್ಪನೂ ದಲ್ಲಾಳಿ, ಅಜ್ಜನೂ ದಲ್ಲಾಳಿ. ಹೊಲ ಗದ್ದೆ ಎಂದು ಹೇಳಿಕೊಳ್ಳುವಂಥದ್ದು ಇರಲಿಲ್ಲ. ಆ ಮನೆಯ ಅನ್ನ ಇದ್ದದ್ದು ಆ ಟವಲಿನ ಕೆಳಗೇ. ಭಾಗ್ಯ ಕಾಲೇಜಿಗೆ ಬರುವುದು ನಿಲ್ಲಿಸಿದಳು.

ವಿಷಯ ತಿಳಿದ ದಿನ ಮಧ್ಯಾಹ್ನವೇ ಅವರ ಊರಿಗೆ ಹೋದೆ. ಭಯವಾಗಿತ್ತು. ಚಿಕ್ಕಣ್ಣ ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿ, ಹೆಂಡತಿಗೆ ಹೇಳಿ ಮಜ್ಜಿಗೆ ಕೊಡಿಸಿದ. "ನಮ್ಮನೇಲಿ ಕುಡೀತೀರೋ ಇಲ್ವೋ" ಎಂದು ಒಂದು ಮಾತು ಕೇಳಿದ, ಕುಡಿದೆ. ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

"ತಪ್ಪು ನಂದು, ಚಿಕ್ಕಣ್ಣ. ಮಗೂನ ಬೈಬೇಡಿ" ಅಂದೆ.

"ಬೈದಿಲ್ಲ ಬುಡಿ ಮೇಡಮ್ನೋರೆ. ಮಾತೇ ಆಡ್ಸಿಲ್ಲ."

"ಬೆಲೆ ಎಲ್ಲರಿಗೂ ಗೊತ್ತಾದ್ರೆ ಒಳ್ಳೇದಲ್ವಾ, ಯಾರೂ ಮೋಸ ಹೋಗಲ್ಲ ಅಂತ ನಾನು ಅಂದ್ಕೊಂಡಿದ್ದೆ. ಅದನ್ನ ಯಾಕೆ ಮುಚ್ಚಿಡಬೇಕು? ನಿಜವಾಗ್ಲೂ ನನಗೆ ಗೊತ್ತಿಲ್ಲ, ಅದಕ್ಕೇ ಕೇಳ್ತಿದೀನಿ."

ಅವನು ಹೆಗಲ ಮೇಲಿನ ಟವಲು ತೆಗೆದು ತೊಡೆಯ ಮೇಲೆ ಹಾಸಿಕೊಂಡ. ಆಮೇಲೆ ಹೇಳಿದ: "ಬೆಲೆ ಅನ್ನೋದು ಕುರಿ ಮೈಮೇಲೆ ಬರ್ದಿರಲ್ಲ ಮೇಡಮ್ನೋರೆ. ಮಾರೋನ ಕಷ್ಟ ಒಂದ್ಕಡೆ, ತಗಳ್ಳೋನ ಆಸೆ ಒಂದ್ಕಡೆ. ಅವೆರಡೂ ಕೂಡೋ ಜಾಗದಾಗೆ ಬೆಲೆ ಐತೆ. ಅದು ಒಬ್ಬೊಬ್ರಿಗೆ ಒಂದೊಂದು, ಇವತ್ತೊಂದು ನಾಳೆ ಒಂದು. ಅದನ್ನ ಸಂತೆಗೆಲ್ಲ ಕೂಗಿದ್ರೆ ಅವ್ನ ಕಷ್ಟನ ಕೂಗ್ದಂಗೆ. ತಿಮ್ಮಕ್ಕ ಕುರಿ ಮಾರಿದ್ಲು, ಗಂಡನ ಆಪ್ರೇಷನ್ನ ಮಾರ್ಲಿಲ್ಲ. ನೀವು ಅದ್ನೂ ಗೋಡೆ ಮೇಲೆ ಹಾಕ್ಬುಟ್ರಿ."

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ಅವನು. ನಾನು ಕಾಲು ಶತಮಾನ ಬರೆಸಿದ ಪಾಠವನ್ನು ನನಗೇ ಹೇಳಿಕೊಡುತ್ತಿದ್ದ. ಮೌಲ್ಯ ಮನಸ್ಸಿನಲ್ಲಿದೆ ಎಂದು ಬರೆಸಿದ್ದೆನೇ ಹೊರತು, ಹಾಗಿದ್ದರೆ ಮನಸ್ಸನ್ನು ಗೋಡೆಗೆ ಅಂಟಿಸಬಾರದು ಎಂಬುದು ಹೊಳೆದಿರಲಿಲ್ಲ. ನನಗೆ ಅಳು ಬಂತು. ಅವನೆದುರೇ ಅತ್ತುಬಿಟ್ಟೆ.

ಆಗ ಬಾಗಿಲ ಮರೆಯಿಂದ ಭಾಗ್ಯ ಮಾತಾಡಿದಳು. "ಅಪ್ಪ, ನೀನೇಳಾದು ಸರಿ. ಆದ್ರೆ ತಿಮ್ಮಕ್ಕನ ಕೈ ಯಾವತ್ತಾದ್ರೂ ಟವಲೊಳಕ್ಕೆ ಹೋಗೈತಾ? ಕುರಿ ಅವ್ಳದು. ಮೇಯ್ಸಿದ್ದು ಅವ್ಳು. ಬೆರಳು ಹಿಡ್ಕಂಡಿದ್ದು ನೀನು, ಸಾಬ್ರು. ಅವ್ಳು ದೂರ ನಿಂತ್ಕಂಡು ನೀನೇ ನೋಡ್ಕಂಡು ಮಾಡಪ್ಪ ಅಂತಾಳೆ. ಬ್ಯಾಡ ಅನ್ನಾಕೆ ಅವ್ಳಿಗೆ ಒಂದು ಬೆರಳೂ ಇರ್ಲಿಲ್ವಲ್ಲ."

ಚಿಕ್ಕಣ್ಣ, "ಹೆಂಗಸ್ರು ಕೈ ನಾನೆಂಗೆ ಹಿಡೀಲೇ?" ಅಂದ. ಅದೇ ಅಲ್ಲಿಯ ಪದ್ಧತಿ. ಗಂಡಸರ ಟವಲಿನೊಳಗೆ ಹೆಂಗಸರು ಕೈ ಹಾಕುವುದಿಲ್ಲ. ಎಷ್ಟೋ ಕುರಿ ಹೆಂಗಸರು ಸಾಕಿದವು, ಬೆಲೆ ಮಾತ್ರ ಗಂಡಸರ ಬೆರಳಿನದು.

"ನೀನ್ಯಾಕೆ ಹಿಡೀತೀಯ? ನಾನು ಹಿಡೀತೀನಿ" ಅಂದಳು ಭಾಗ್ಯ.

ನನ್ನ ವಿಷಯದ ಪುಸ್ತಕಗಳಲ್ಲೆಲ್ಲ ವ್ಯಕ್ತಿಯ ಆಯ್ಕೆ, ವ್ಯಕ್ತಿಯ ಆಯ್ಕೆ ಎಂದು ಬರುತ್ತದೆ. ಆ ವ್ಯಕ್ತಿಯ ಕೈ ಟವಲಿನೊಳಗಿದೆಯೋ ಹೊರಗಿದೆಯೋ ಎಂದು ಯಾವ ಪುಸ್ತಕವೂ ನನ್ನನ್ನು ಕೇಳಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಪಕ್ಕದವರ ಚೀಲದಲ್ಲಿ ಏನಿದೆ ಎಂದು ಅವತ್ತು ಕೇಳಲೇ ಇಲ್ಲ.

ಮರುದಿನ ಮೊದಲು ಚಾರ್ಟು ಕಿತ್ತು ಹಾಕಿದೆ. ಪ್ರಾಂಶುಪಾಲರು ಓಡಿ ಬಂದು, "ಮೇಡಂ, ನೀವು ಪಾರದರ್ಶಕತೆಗೆ ವಿರೋಧಾನಾ?" ಅಂದರು. "ನಿಮ್ಮ ಮಗಳ ಮದುವೆ ಮಾತುಕತೆ ನಡೀತಿದೆಯಲ್ಲ ಸಾರ್, ಏನೇನು ಕೇಳಿದರು ಅಂತ ಅದನ್ನೂ ಇಲ್ಲೇ ಅಂಟಿಸೋಣ" ಅಂದೆ. ಅವರು ಮುಖ ಕೆಂಪಗೆ ಮಾಡಿಕೊಂಡು ಹೋದರು. ಸಂಜೆ ಅವರೇ ಕರೆದು ಕಾಫಿ ಕುಡಿಸಿ, ಗುಂಪಿನಿಂದ ಫೋಟೋ ಅಳಿಸಿದ್ದೇನೆ ಅಂದರು. ಅಷ್ಟರಲ್ಲಿ ಅದು ಎಲ್ಲೆಲ್ಲಿಗೆ ಹೋಗಿತ್ತೋ. ಚಾರ್ಟು ಕೀಳುವುದು ಸುಲಭ, ಟವಲಿನ ತೂತು ಮುಚ್ಚುವುದು ಹೇಗೆ? ಮಾತಿನಿಂದ ಬಿದ್ದ ತೂತು ಮಾತಿನಿಂದ ಮುಚ್ಚುವುದಿಲ್ಲ.

ಉಪಾಯ ಭಾಗ್ಯಳದು. ಮುಂದಿನ ವಾರ ನಾನು ಸಂತೆಗೆ ಹೋಗಿ, ಎಲ್ಲರೂ ನೋಡುವಾಗ ತಿಮ್ಮಕ್ಕನ ಒಂದು ಹೆಣ್ಣು ಕುರಿ ಕೊಳ್ಳಬೇಕು. ಬೆರಳು ಹಿಡಿಯುವವಳು ಭಾಗ್ಯ, ಟವಲು ಚಿಕ್ಕಣ್ಣನದು. ಬೆಲೆ ನಮ್ಮ ಮೂರು ಜನರ ನಡುವೆ ಉಳಿಯಬೇಕು. "ನಿಮ್ಮ ಬಾಯಿಂದ ಹೊರಗೆ ಬರ್ಲಿಲ್ಲ ಅಂದ್ರೆ ಆ ಟವಲಿಂದ ಇನ್ಯಾರ್ದೂ ಬರಲ್ಲ ಅಂತ ನಂಬ್ತಾರೆ ಮೇಡಂ" ಅಂದಳು. ನನ್ನ ಬಾಯಿಯ ಕೀರ್ತಿ ಅಲ್ಲಿಯವರೆಗೂ ಹೋಗಿತ್ತು. ತಿಮ್ಮಕ್ಕನನ್ನು ಅವಳೇ ಹೋಗಿ ಒಪ್ಪಿಸಿಕೊಂಡು ಬಂದಳು. ಚಿಕ್ಕಣ್ಣ ಮೂರು ದಿನ ಒಪ್ಪಲಿಲ್ಲ. ನಾಲ್ಕನೇ ದಿನ, "ಆಗಿದ್ದಾಗ್ಲಿ, ಟವಲ್ ಈಗ್ಲೂ ಖಾಲೀನೇ ಐತಲ್ಲ" ಅಂದನಂತೆ.

ಸಂತೆಯಲ್ಲಿ ಭಾಗ್ಯ ಅಪ್ಪನ ಹೆಗಲಿನಿಂದ ಟವಲು ತೆಗೆದುಕೊಂಡಾಗ ಸುತ್ತ ಗುಂಪು ಕಟ್ಟಿತು. ಯಾರೋ, "ಏನ್ಲಾ ಚಿಕ್ಕಣ್ಣ, ಹೆಣ್ಮಗು ಕೈಗೆ ಕೊಟ್ಬುಟ್ಟೆ" ಅಂದರು. ಅವನು ನೆಲ ನೋಡುತ್ತಾ ನಿಂತಿದ್ದ. ನಾನು ಟವಲಿನೊಳಗೆ ಕೈ ಇಟ್ಟೆ. ಭಾಗ್ಯಳ ಕೈ ಬೆವೆತಿತ್ತು. ಸ್ವಲ್ಪ ಧಾರಾಳವಾಗಿಯೇ ಕೊಡಬೇಕೆಂದುಕೊಂಡು ಹೋಗಿದ್ದೆ, ಆ ಬೆಲೆಗೆ ಎಷ್ಟು ಬೆರಳೋ ಅಷ್ಟು ಹಿಡಿದೆ. ಅವಳು ತಿಮ್ಮಕ್ಕನ ಹತ್ತಿರ ಹೋದಳು. ತಿಮ್ಮಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು, ಬಿಸಿ ಪಾತ್ರೆ ಮುಟ್ಟುವವಳ ಹಾಗೆ ಹುಷಾರಾಗಿ ಒಳಗೆ ಹಾಕಿದಳು. ಅರವತ್ತರ ಹೆಂಗಸು, ಹುಟ್ಟಿದಾಗಿನಿಂದ ಕುರಿಯ ಜೊತೆಗಿದ್ದವಳು, ಅದೇ ಮೊದಲ ಸಲ.

ಬಹಳ ಹೊತ್ತು ಹಿಡಿಯಿತು. ಭಾಗ್ಯ ವಾಪಸು ಬಂದು ನನ್ನ ಕೈ ಹಿಡಿದಳು. ಅವಳು ಹಿಡಿದದ್ದಕ್ಕೂ ನಾನು ಹಿಡಿದದ್ದಕ್ಕೂ ತಾಳೆಯಾಗಲಿಲ್ಲ. ನಾನು ಗಲಿಬಿಲಿಯಾಗಿ ಅವಳ ಮುಖ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ. ಹೂಂ ಎಂದು ತಲೆಯಾಡಿಸಿದೆ. ಅವಳು ಟವಲು ಕೊಡವಿದಳು. ಬಾಷಾ ಸಾಬರು, "ಸೌದಾ ಆಯ್ತು" ಎಂದು ತಾವೇ ಕೂಗಿದರು.

ಅವತ್ತು ಕೊಟ್ಟ ದುಡ್ಡು ನನ್ನ ಮನಸ್ಸಿನ ಬೆಲೆಗಿಂತ ಕಡಿಮೆ. ಕೊಳ್ಳುವವಳು ಹೇಳಿದ್ದಕ್ಕಿಂತ ಮಾರುವವಳು ಕಡಿಮೆ ಕೇಳುವ ವ್ಯಾಪಾರವನ್ನು ನಾನು ಯಾವ ರೇಖಾಚಿತ್ರದಲ್ಲೂ ಕಂಡಿರಲಿಲ್ಲ. ಮೇಷ್ಟ್ರಮ್ಮನ ಮೇಲಿನ ಮರುಕಕ್ಕೆ ಭಾಗ್ಯಳೇ ಇಳಿಸಿದಳೇನೋ ಎಂದು ಅನುಮಾನ ಬಂತು. ಬೇರೆ ಕರೆದು ಕೇಳಿದೆ. "ಟವಲೊಳಗಿಂದು ಹೊರಗೆ ಕೇಳ್ಬಾರ್ದು ಮೇಡಂ" ಅಂದಳು. ಗುರುವಿಗೇ ತಿರುಮಂತ್ರ.

ಕುರಿಯನ್ನು ಮಧುಗಿರಿಗೆ ತಂದರೆ ಅತ್ತೆ ನನ್ನನ್ನೂ ಸೇರಿಸಿ ಹೊರಗೆ ಕಟ್ಟುತ್ತಿದ್ದರು. ಅದನ್ನು ತಿಮ್ಮಕ್ಕನಿಗೇ ಪಾಲಿಗೆ ಬಿಟ್ಟೆ. ಅವಳು ಸಾಕುವುದು, ಮರಿಯಾದರೆ ಇಬ್ಬರಿಗೂ ಸಮಪಾಲು.

ಆಮೇಲೆ ಶುರುವಾಯಿತು ನನ್ನ ಪರೀಕ್ಷೆ. ಇಡೀ ಸಂತೆ ಕಾಯುತ್ತಿತ್ತು. ಕಾಲೇಜಿನ ಗುಮಾಸ್ತ ಕೇಳಿದ, ಅವನಿಗೆ ಯಾರು ಹೇಳಿ ಕಳಿಸಿದ್ದರೋ. ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುತ್ತಾ ಕೇಳಿದ. ಪ್ರಾಂಶುಪಾಲರು, "ನನಗೊಬ್ಬನಿಗೆ ಹೇಳಿ ಮೇಡಂ" ಅಂದರು. ಬಾಷಾ ಸಾಬರು ಒಮ್ಮೆ ಕಾಲೇಜಿನ ಗೇಟಿನ ಹತ್ತಿರ ಸಿಕ್ಕಿ, "ನನ್ನ ಅಂದಾಜು ಇಷ್ಟು, ಸರಿ ತಾನೇ?" ಎಂದು ಒಂದು ಬೆಲೆ ಹೇಳಿ ನನ್ನ ಮುಖವನ್ನೇ ನೋಡಿದರು. "ಸೌದಾ ಆಯ್ತು ಸಾಬ್ರೇ. ಅಷ್ಟೇ ಬರ್ಕೊಳ್ಳಿ" ಅಂದೆ. ಅವರು ಗಟ್ಟಿಯಾಗಿ ನಕ್ಕರು. ನಮ್ಮವರಂತೂ ಊಟಕ್ಕೆ ಕೂತಾಗಲೆಲ್ಲ ಕೇಳಿ, ಕೊನೆಗೆ, "ಹಾಗಾದ್ರೆ ಇಷ್ಟು ವರ್ಷ ನಿನಗೆ ಬಾಯಿ ಮುಚ್ಚೋಕೆ ಬರ್ತಿತ್ತಾ?" ಎಂದು ಆಶ್ಚರ್ಯಪಟ್ಟರು. ಹೇಳದೆ ಇರುವುದು ನನಗೆ ಹೊಟ್ಟೆನೋವಿನಷ್ಟೇ ಕಷ್ಟವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಎರಡು ತಿಂಗಳು ಕಳೆಯಿತು. ಒಂದು ವಾರ ಬಾಷಾ ಸಾಬರೇ ಮೊದಲು ಬಂದು ಚಿಕ್ಕಣ್ಣನ ಟವಲಿನೊಳಗೆ ಕೈ ಇಟ್ಟರಂತೆ. ಅವರ ಹಿಂದೆ ಮಿಕ್ಕವರು. ಭಾಗ್ಯ ಅದನ್ನು ಹೇಳಲು ಕಾಲೇಜಿಗೆ ಓಡಿ ಬಂದಳು, ಅವತ್ತಿನಿಂದ ಮತ್ತೆ ಕ್ಲಾಸಿಗೂ ಬರತೊಡಗಿದಳು. ಅವಳ ಪ್ರಾಜೆಕ್ಟಿನಲ್ಲಿ ಬೆಲೆಯ ಕಾಲಂ ಮತ್ತೆ ಖಾಲಿ ಬಿಟ್ಟು, ಅದು ಯಾಕೆ ಖಾಲಿ ಎಂದು ಎರಡು ಪುಟ ಬರೆದಳು. ಹೊರಗಿನಿಂದ ಬಂದ ಪರೀಕ್ಷಕರು ಮಾಹಿತಿ ಅಪೂರ್ಣ ಎಂದು ಅಂಕ ಕಳೆದರು. ನಾನು ಓದಿದ ಪ್ರಾಜೆಕ್ಟುಗಳಲ್ಲಿ ಅಷ್ಟು ಪೂರ್ಣವಾದದ್ದು ಇನ್ನೊಂದಿಲ್ಲ.

ಅಲ್ಲಿಂದ ಮುಂದೆ ಆ ಪಾಠಕ್ಕೆ ನಾನು ನೋಟ್ಸ್ ಬರೆಸಲಿಲ್ಲ. ನಮ್ಮ ಅಂಗಡಿಯ ಒಂದು ಟವಲು ತೆಗೆದುಕೊಂಡು ಹೋಗಿ, ಇಬ್ಬರನ್ನು ಎಬ್ಬಿಸಿ, ಒಂದು ಪೆನ್ನು ಮಾರಿಸುತ್ತಿದ್ದೆ. ಉಳಿದವರಿಗೆ ಬೆಲೆ ಗೊತ್ತಾಗುವಂತಿಲ್ಲ. ಆಮೇಲೆ ಎರಡೇ ಪ್ರಶ್ನೆ. ಬೆಲೆ ಎಲ್ಲಿದೆ? ಯಾರ ಕೈ ಒಳಗಿಲ್ಲ? ಮೊದಲನೆಯದು ಆಸ್ಟ್ರಿಯಾದವರ ಪ್ರಶ್ನೆ, ಎರಡನೆಯದು ಭಾಗ್ಯಳದು. ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಡಬೇಕೋ ಬಾರದೋ ಎಂದು ಹುಡುಗರು ಜಗಳವಾಡುತ್ತಿದ್ದರು. ನಾನು ತೀರ್ಪು ಹೇಳುತ್ತಿರಲಿಲ್ಲ, ನನಗೂ ಇನ್ನೂ ತೀರ್ಮಾನವಾಗಿಲ್ಲ.

ನಿವೃತ್ತಿಯ ದಿನ ಕಾಲೇಜಿಗೆ ಚಿಕ್ಕಣ್ಣ, ಭಾಗ್ಯ, ತಿಮ್ಮಕ್ಕ ಮೂವರೂ ಬಂದಿದ್ದರು. ಭಾಗ್ಯ ಈಗ ಸಂತೆಯಲ್ಲಿ ಹೆಂಗಸರ ಕಡೆಯ ವ್ಯಾಪಾರ ಪೂರ್ತಿ ನೋಡಿಕೊಳ್ಳುತ್ತಾಳೆ. ಅವತ್ತು ಹಿಡಿದಿದ್ದ ಟವಲನ್ನು ಒಗೆದು ಮಡಿಸಿ ತಂದು ನನ್ನ ಕೈಗಿಟ್ಟಳು. ಬೀರುವಿನಲ್ಲಿರುವುದು ಅದೇ. ಆಮೇಲೆ ತಿಮ್ಮಕ್ಕ ನನ್ನನ್ನು ಮರದಡಿಗೆ ಕರೆದುಕೊಂಡು ಹೋದಳು. ಅವಳು ಹೇಳಿದ್ದನ್ನು ಬರೆಯಲೇ ಎಂದು ಮೊನ್ನೆ ಕೇಳಿ ಕಳಿಸಿದೆ. ಬೆಲೆ ಬಿಟ್ಟು ಮಿಕ್ಕದ್ದು ಬರ್ಕಳ್ಳಲಿ ಅಂದಿದ್ದಾಳೆ.

"ಮೇಡಮ್ಮ, ಅವತ್ತು ಭಾಗ್ಯ ಏನೂ ಇಳಿಸ್ಲಿಲ್ಲ. ನೀನು ಹಿಡಿದಿದ್ದ ಬೆರಳು ಅವ್ಳು ಹಂಗಂಗೇ ನಂಗೆ ತಂದ್ಲು. ಅದ್ರಾಗೆ ಒಂದು ಬೆರಳು ನಾನೇ ಮಡಚಿ ವಾಪಸ್ ಕಳಿಸ್ದೆ."

"ಯಾಕೆ ತಿಮ್ಮಕ್ಕ?"

"ಮಿಕ್ಕಿದ್ದು ಕುರೀಗೆ ಕೊಟ್ಟಿದ್ದು, ತಗಂಡೆ. ಅದೊಂದು ನೀನು ಮಾಡಿದ ತಪ್ಪಿಗೆ, ನಂಗಾದ ನೋವಿಗೆ ಅಂತ ಸೇರ್ಸಿ ಕೊಟ್ಟಿದ್ದು. ಅದು ನಾನು ಮಾರಾಕೆ ತಂದಿರ್ಲಿಲ್ಲ ಕಣಮ್ಮ."